ಹಳದಿ ಬಂದರೆ ಖುಷಿಪಡಬೇಡಿ

ನೀರು ಪರೀಕ್ಷೆ ಮಾಡುವ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ನಾಲ್ಕು ತಾಲ್ಲೂಕು ಸುತ್ತುವವಳು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನು ಬಸ್ಸಿನಿಂದ ಇಳಿಯುವ ಮೊದಲೇ ಅದು ಊರ ಕಟ್ಟೆಯ ಮೇಲೆ ಕೂತು ನನಗಾಗಿ ಕಾಯುತ್ತಿರುತ್ತದೆ.

ನಾನು ಓದಿದ್ದು ಏಳನೇ ತರಗತಿ. ದೊಡ್ಡೇರಿ ಹೋಬಳಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಯಾರೂ ಕೊಡಿಸಿದ್ದಲ್ಲ, ನಾನೇ ಮಾಡಿಕೊಂಡದ್ದು. ಗಿರಣಿಯ ಗೋಡೆಗೆ ಅಂಟಿಕೊಂಡೇ ಪಂಚಾಯಿತಿಯ ಗ್ರಂಥಾಲಯವಿದೆ. ರಾಗಿ ಬೀಸುವಾಗ ಒಂದೊಂದೇ ಪುಸ್ತಕ ತಂದು ಓದಿದೆ. ಕತೆ ಪುಸ್ತಕ ಮುಗಿದ ಮೇಲೆ ಹತ್ತನೇ ತರಗತಿಯ ವಿಜ್ಞಾನ, ಅದು ಮುಗಿದ ಮೇಲೆ ಪಿಯುಸಿಯ ರಸಾಯನಶಾಸ್ತ್ರ. ಅರ್ಥವಾಗದ ಪುಟವನ್ನು ಅರ್ಥವಾಗುವವರೆಗೂ ತಿರುಗಿಸುತ್ತಿರಲಿಲ್ಲ. ಗ್ರಂಥಾಲಯ ನೋಡಿಕೊಳ್ಳುವವರು, "ಯಾವ ಪಾಠ ಕಷ್ಟ ಅಂತ ನಂಗೆ ಓದ್ದೇನೇ ಗೊತ್ತಾಗ್ತದೆ ಕಣಮ್ಮ. ಆ ಪುಟದಲ್ಲಿ ಒಂದು ಮುದ್ದೆಗಾಗುವಷ್ಟು ಹಿಟ್ಟಿರ್ತದೆ" ಅನ್ನುತ್ತಿದ್ದರು.

ಊರಿನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಬಂದಾಗ ಮೊದಲ ಸಾಲಿನಲ್ಲಿ ಹೋಗಿ ಕೂತೆ. ಈಗ ನಾನೇ ಊರೂರಿಗೆ ಹೋಗಿ ಕಲಿಸುತ್ತೇನೆ. ಮಳೆ, ಕೆರೆ, ಬೋರ್‌ವೆಲ್, ನೆಲದೊಳಗಿನ ಕಲ್ಲು, ಎಲ್ಲದರ ಬಗ್ಗೆಯೂ ಮಾತಾಡುತ್ತೇನೆ. ಎದುರಿಗೆ ಕೂತವರು ನಿದ್ದೆ ಮಾಡಿದರೆ ತಪ್ಪು ಅವರದಲ್ಲ, ನನ್ನದು ಅಂದುಕೊಂಡೇ ಮಾತಾಡುತ್ತೇನೆ.

ಇಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ ಊರಿನ ಸಂಗತಿ. ಆಂಧ್ರದ ಗಡಿಗೆ ತಾಗಿದ ಊರು. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ, ಯಾಕೆ ಅನ್ನುವುದು ಕೊನೆಗೆ ನಿಮಗೇ ಗೊತ್ತಾಗುತ್ತದೆ. ಮೊದಲ ಸಲ ಆ ಊರಿನ ಶಾಲೆಗೆ ಹೋದಾಗ ಮಕ್ಕಳನ್ನು ನಗಿಸಿದೆ. ಎಲ್ಲರೂ ನಕ್ಕರು, ಒಬ್ಬಳು ಹುಡುಗಿ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಕೈ ತೆಗೆಸಿ ನೋಡಿದರೆ ಹಲ್ಲಿನ ಮೇಲೆ ಕಂದು ಗೆರೆಗಳು. "ನಾನು ದಿನಾ ಎರಡು ಸಲ ಉಜ್ತೀನಿ ಅಕ್ಕ" ಅಂದಳು, ನಾನು ಬೈಯುತ್ತೇನೆ ಅಂದುಕೊಂಡು. ಅವಳ ತಪ್ಪೇನೂ ಇರಲಿಲ್ಲ. ಶಾಲೆಯ ಟ್ಯಾಂಕಿಗೆ ನೀರು ಬರುತ್ತಿದ್ದ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇತ್ತು. ಇವತ್ತು ಹಲ್ಲು, ಹಾಗೇ ಬಿಟ್ಟರೆ ನಾಳೆ ಮೂಳೆ.

ಆ ನೀರು ಇನ್ನು ಮಕ್ಕಳ ಬಾಯಿಗೆ ಹೋಗಬಾರದು, ಶಾಲೆಯ ಚಾವಣಿಯ ಮೇಲೆ ಬೀಳುವ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು, ಸೋಸಿ ಕುಡಿಸಬೇಕು. ಇಷ್ಟೇ ನನ್ನ ಹಟ. ಈ ಹಟಕ್ಕೆ ಎರಡು ಮಳೆಗಾಲ ಹಿಡಿಯಿತು.

ಚಪ್ಪಾಳೆ

ಮೊದಲು ಊರಿನ ಹೆಂಗಸರಿಗೆ ತೋರಿಸೋಣ ಅಂತ ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಸಿದೆ. ಪರೀಕ್ಷೆ ಬಹಳ ಸುಲಭ. ಸಣ್ಣ ಕೊಳವೆಯಲ್ಲಿ ನೀರು ಹಾಕಿ, ಔಷಧಿಯ ತೊಟ್ಟು ಬಿಡಬೇಕು. ನೀರು ಗುಲಾಬಿ ಬಣ್ಣಕ್ಕೆ ನಿಂತರೆ ಕುಡಿಯಬಹುದು. ಹಳದಿಗೆ ತಿರುಗಿದರೆ ಫ್ಲೋರೈಡ್ ಜಾಸ್ತಿ ಇದೆ ಅಂತ ಅರ್ಥ. ಇದನ್ನು ಕಾಲು ಗಂಟೆ ಬಿಡಿಸಿ ಬಿಡಿಸಿ ಹೇಳಿದೆ. ಕೇಳಿಸಿಕೊಂಡವರು ಮುಖ್ಯೋಪಾಧ್ಯಾಯರು ಒಬ್ಬರೇ. ಹೆಂಗಸರು ಕಸ, ಮುಸುರೆ, ಕೊಟ್ಟಿಗೆ ಕೆಲಸ ಮುಗಿಸಿ ಬರುವ ಹೊತ್ತಿಗೆ ನನ್ನ ಭಾಷಣ ಮುಗಿದಿತ್ತು.

ಬಂದವರ ಮುಂದೆ ಶಾಲೆಯ ಬೋರ್‌ವೆಲ್ ನೀರಿಗೆ ತೊಟ್ಟು ಬಿಟ್ಟೆ. ನೋಡನೋಡುತ್ತಿದ್ದಂತೆ ನೀರು ಹಳದಿಯಾಯಿತು.

ಜಗಲಿಯ ತುಂಬ ಚಪ್ಪಾಳೆ!

"ಅರಿಶಿನದ ಬಣ್ಣ ಬಂತು ನೋಡ್ರೇ! ನಮ್ಮ ಗಂಗಮ್ಮ ಎಂಥಾ ಮುತ್ತೈದೆ!" ಅಂತ ಒಬ್ಬರು ಕೈಮುಗಿದರು. ಇನ್ನೊಬ್ಬರು ಬೆರಳು ಅದ್ದಿ ಕೆನ್ನೆಗೆ ಹಚ್ಚಿಕೊಳ್ಳಲು ಬಂದರು, ಕೈ ಹಿಡಿದು ನಿಲ್ಲಿಸಿದೆ. ಆಮೇಲೆ ಊರಾಚೆಯ ಹಳೇ ಸೇದುವ ಬಾವಿಯ ನೀರು ತಂದಿದ್ದವರ ಸರದಿ. ಅದು ಒಳ್ಳೆಯ ನೀರು, ಗುಲಾಬಿಗೆ ನಿಂತಿತು. ಆ ತಾಯಿಯ ಮುಖ ಬಾಡಿಹೋಯಿತು.

"ಸ್ಕೂಲಿಂದು ಹಳದಿ ಆಯ್ತದೆ, ನಮ್ಮದಕ್ಕೇನು ಬಂತು? ಇನ್ನೆರಡು ತೊಟ್ಟು ಜಾಸ್ತಿ ಬುಡಮ್ಮ, ನಮ್ಮದೂ ಆಗ್ಲಿ" ಅಂತ ಬೇಡಿಕೊಂಡರು.

ನಾನು ಮೇಜು ಕುಟ್ಟಿದೆ. "ಇದು ಅರಿಶಿನದ ಹಳದಿ ಅಲ್ಲ ಕಣ್ರಮ್ಮ. ಕಾಮಾಲೆ ಬಂದೋರ ಕಣ್ಣು ನೋಡಿದ್ದೀರಲ್ಲ, ಆ ಹಳದಿ!"

ಬಾವಿಯ ನೀರು ತಂದಿದ್ದವರು ತಮ್ಮ ಕೊಳವೆಯನ್ನು ಮಗುವಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡರು. ಕೈಮುಗಿದಿದ್ದವರು ಮಾತ್ರ ನನ್ನ ಮೇಲೆಯೇ ತಿರುಗಿಬಿದ್ದರು:

"ಮೊದಲೇ ಹೇಳಬಾರದೇನವ್ವ? ಹೊಡೆದ ಚಪ್ಪಾಳೆ ಈಗ ವಾಪಸ್ ತಗಳ್ಳೋದು ಹೆಂಗೆ?"

ಅವತ್ತಿನಿಂದ ನಾನು ಯಾವ ಊರಿಗೆ ಹೋದರೂ ಮೊದಲ ಮಾತು ಒಂದೇ: ಹಳದಿ ಬಂದರೆ ಖುಷಿಪಡಬೇಡಿ.

ಅಜ್ಜಿಯ ವಿಜ್ಞಾನ

ಅದೇ ಊರಿನಲ್ಲಿ ತೆಲುಗು ಕನ್ನಡ ಕಲಸಿ ಮಾತಾಡುವ ಒಬ್ಬ ಅಜ್ಜಿ ಇದ್ದಾರೆ. ಅವರು ಒಪ್ಪಿದರೆ ಬೀದಿ ಒಪ್ಪಿದ ಹಾಗೆ. ನಾನು ಫ್ಲೋರೈಡ್ ಅಂತ ಶುರು ಮಾಡಿದರೆ ಅಜ್ಜಿ ಕೈ ಬೀಸಿದರು.

"ಏಮಮ್ಮಾ, ನಂಗೇನು ಹೇಳ್ತೀಯ? ನಾನು ನೀಳ್ಳು ಕಾಯಿಸಿಯೇ ಕುಡಿಯೋದು. ಕಳಕಳ ಅಂತ ಕುದಿಸ್ತೀನಿ. ಯಾವ ರೋಗಾನೂ ಇರಲ್ಲ ಅಂತ ಆಸ್ಪತ್ರೆಯ ನರ್ಸಮ್ಮನೇ ಹೇಳವ್ಳೆ."

ನರ್ಸಮ್ಮ ಹೇಳಿದ್ದೂ ಸರಿ, ಆದರೆ ಅದು ಬೇರೆ ತೊಂದರೆಗೆ. ಇದನ್ನು ಹೇಗೆ ಹೇಳುವುದು? ಪಿಯುಸಿ ಪುಸ್ತಕದ ಪುಟ ನೆನಪಿಸಿಕೊಂಡೆ, ಉಪಯೋಗವಾಗಲಿಲ್ಲ. ಒಲೆಯ ಮೇಲೆ ಹುರುಳಿ ಬಸ್ಸಾರು ಕುದಿಯುತ್ತಿತ್ತು.

"ಅಜ್ಜಿ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂದ್ಕೋ. ಚೆನ್ನಾಗಿ ಕುದಿಸಿದ್ರೆ ಉಪ್ಪು ಹೊರಟೋಗ್ತದಾ?"

"ಹುಚ್ಚೇನೇ ನಿಂಗೆ? ನೀರು ಇಂಗಿ ಇನ್ನೂ ಉಪ್ಪುಪ್ಪಾಗ್ತದೆ."

"ಫ್ಲೋರೈಡೂ ಅಂಗೇ ಅಜ್ಜಿ. ಕುದಿಸಿದಷ್ಟೂ ಗಟ್ಟಿ."

ಅಜ್ಜಿ ಸಾರಿನ ಪಾತ್ರೆ ನೋಡಿದರು, ನೀರಿನ ಪಾತ್ರೆ ನೋಡಿದರು. ಆಮೇಲೆ ನಿಧಾನಕ್ಕೆ, "ಅಂದ್ರೆ ಕಾಯಿಸಿದ್ರೆ ಹುಳ ಸಾಯ್ತದೆ, ಉಪ್ಪು ಸಾಯಲ್ಲ" ಅಂದರು.

ನಾನು ಆ ಮಾತನ್ನು ಅಲ್ಲೇ ಕೂತು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇಷ್ಟು ಚೆನ್ನಾಗಿ ಇರಲಿಲ್ಲ. ಈಗ ನಾಲ್ಕು ತಾಲ್ಲೂಕಿನಲ್ಲೂ ಅದನ್ನೇ ಹೇಳುತ್ತೇನೆ, ಅಜ್ಜಿಯದು ಅಂತ ಹೇಳಿಯೇ ಹೇಳುತ್ತೇನೆ. ಬರೆದುಕೊಳ್ಳುವುದನ್ನು ನೋಡುತ್ತಿದ್ದ ಅಜ್ಜಿ ನನ್ನ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಇದೊಂದು ಮಾತು ಹೇಳೋಕೆ ಅಷ್ಟು ದೊಡ್ಡ ಪೆಟ್ಟಿಗೆ ಹೊತ್ಕೊಂಡು ಬಂದ್ಬುಟ್ಟಾ?"

ಕೆಂಪು ಬಳಿದ ಬೋರ್‌ವೆಲ್

ಶಾಲೆಯ ಗೇಟಿನ ಪಕ್ಕ ಒಂದು ಕೈಪಂಪಿನ ಬೋರ್‌ವೆಲ್ ಇತ್ತು. ಅದರದ್ದೂ ಅದೇ ನೀರು. ಕುಡಿಯಬಾರದ ನೀರಿನ ಪಂಪಿಗೆ ಕೆಂಪು ಬಣ್ಣ ಹೊಡೆಯುವುದು ನಾವು ಕಲಿತ ಕ್ರಮ. ಕೆಂಪು ನೋಡಿದರೆ ಯಾರಾದರೂ ನಿಲ್ಲುತ್ತಾರೆ ಅನ್ನುವುದು ಅದರ ಹಿಂದಿನ ಲೆಕ್ಕ. ಮುಖ್ಯೋಪಾಧ್ಯಾಯರು ಬಣ್ಣ ತರಿಸಿಕೊಟ್ಟರು, ನಾನೇ ಸೆರಗು ಸಿಕ್ಕಿಸಿಕೊಂಡು ಬುಡದಿಂದ ತುದಿಯವರೆಗೆ ಬಳಿದೆ. ಹೊಳೆಯುತ್ತಿತ್ತು.

ಎರಡು ವಾರ ಬಿಟ್ಟು ಹೋದೆ. ಜನ ನಿಂತಿದ್ದರು, ಆ ಮಟ್ಟಿಗೆ ಲೆಕ್ಕ ಸರಿಯಾಗಿತ್ತು. ಆದರೆ ಕೈಮುಗಿದು ನಿಂತಿದ್ದರು! ಪಂಪಿನ ಹಿಡಿಗೆ ಹಸಿರು ಬಳೆ, ಕತ್ತಿಗೆ ಬೇವಿನ ಸೊಪ್ಪು, ಬುಡದಲ್ಲಿ ನಿಂಬೆಹಣ್ಣು. ಪಕ್ಕದ ಊರಿನವರು ತಂಬಿಗೆ ಹಿಡಿದು ತೀರ್ಥಕ್ಕೆ ಸಾಲು ನಿಂತಿದ್ದರು. ಮೊದಲು ಆ ಪಂಪಿನ ನೀರನ್ನು ನಾಲ್ಕು ಮನೆಯವರು ಕುಡಿಯುತ್ತಿದ್ದರು. ನಾನು ಬಣ್ಣ ಹೊಡೆದ ಪುಣ್ಯಕ್ಕೆ ಈಗ ಎರಡೂರಿನವರು ಕುಡಿಯುತ್ತಿದ್ದರು.

"ಏನ್ರೀ ಇದು?" ಅಂದೆ, ಆರತಿ ತಟ್ಟೆ ಹಿಡಿದಿದ್ದವರಿಗೆ.

"ನಮ್ಮನ್ನ ಕೇಳ್ತೀರಲ್ಲ ಮೇಡಮ್ಮೋರೇ? ನೀವೇ ಅಲ್ವಾ ಪ್ರತಿಷ್ಠೆ ಮಾಡಿದ್ದು! ಮೈತುಂಬ ಕುಂಕುಮದ ಬಣ್ಣ ಬಳಿದು ಹೋದ್ರಿ. ಆಮ್ಯಾಕೆ ಪೂಜೆ ಬ್ಯಾಡವಾ?"

ಮುಖ್ಯೋಪಾಧ್ಯಾಯರು ನೀಲಿ ಬಣ್ಣ ತರಿಸೋಣ ಅಂದರು. ನಾನು ಒಪ್ಪಲಿಲ್ಲ. ನಾನು ಬಳಿದ ಬಣ್ಣವನ್ನು ನಾನೇ ಅಳಿಸುವುದೇ? ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಆಮೇಲೆ ಎದ್ದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಪೂಜೆ ಮಾಡಿ, ಬೇಡ ಅನ್ನಲ್ಲ. ಆದರೆ ದಿನಾ ಅಮ್ಮನ ಮೈ ತೊಳೆಯೋ ನೀರನ್ನ ನೀವು ಬಾಯಿ ಹಾಕಿ ಎಂಜಲು ಮಾಡ್ತೀರಲ್ಲ, ಅದು ಸರಿಯಾ?"

ಸಾಲಿನಲ್ಲಿ ಗುಸುಗುಸು ಶುರುವಾಯಿತು. ತಂಬಿಗೆಗಳು ಒಂದೊಂದಾಗಿ ಕೆಳಗಿಳಿದವು. ಅವತ್ತಿನಿಂದ ಆ ನೀರು ಬರೀ ಅಭಿಷೇಕಕ್ಕೆ. ಒಂದು ಹನಿಯನ್ನೂ ಯಾರೂ ಕುಡಿಯುವುದಿಲ್ಲ. ನನ್ನ ಅಷ್ಟು ದಿನದ ಭಾಷಣ ಮಾಡಲಾರದ ಕೆಲಸ ಅದು. ನಾನು ಬೇಡ ಬೇಡ ಅಂದರೂ ದೇವಿಗೆ ಹೆಸರು ಕೂಡ ಇಟ್ಟರು: ಕುಡೀಬ್ಯಾಡಮ್ಮ.

ನೀರು ಪಾಸು

ಕೈಪಂಪಿನ ಕತೆ ಹೀಗೆ ಮುಗಿಯಿತು. ಆದರೆ ಶಾಲೆಯ ಟ್ಯಾಂಕಿಗೆ ನೀರು ತುಂಬುವ ಮೋಟರ್ ಬೋರ್‌ವೆಲ್ ಉಳಿದಿತ್ತಲ್ಲ. ಅದನ್ನು ನಿಲ್ಲಿಸಿ ಮಳೆನೀರಿನ ತೊಟ್ಟಿ ಕಟ್ಟಲು ತಾಲ್ಲೂಕಿನಿಂದ ಆದೇಶ ಬೇಕಿತ್ತು. ಅರ್ಜಿ ಬರೆದೆ. ಹಳದಿ ಕೊಳವೆ, ಗುಲಾಬಿ ಕೊಳವೆ ಎರಡರ ಫೋಟೊ ತೆಗೆದು ಲಗತ್ತಿಸಿದೆ. 'ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂತು. ಅದು ಪರಿಶೀಲನೆಯಲ್ಲಿ ಇರುವಷ್ಟು ದಿನ ಸುಮ್ಮನಿರುವುದು ಬೇಡ ಅಂತ ಎಂಟನೇ ತರಗತಿಯ ಮಕ್ಕಳಿಗೆ ಪರೀಕ್ಷೆ ಮಾಡುವುದನ್ನು ಕಲಿಸಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದ ಹುಡುಗಿಯೇ ಎಲ್ಲರಿಗಿಂತ ಚುರುಕು. ಅವಳ ಕೈಗೆ ಒಂದು ಸಣ್ಣ ಕಿಟ್ ಕೊಟ್ಟು, "ಯಾರ ಮನೆಗೆ ಹೋದರೂ ನೀರು ನೋಡಿಯೇ ಕುಡಿ" ಅಂದಿದ್ದೆ. ಅವಳು ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ.

ಅವಳ ಅಕ್ಕನಿಗೆ ಕೊರಟಗೆರೆ ಕಡೆಯ ಒಂದು ಸಂಬಂಧ ಬಂತು. ಹೆಣ್ಣಿನ ಕಡೆಯವರೆಲ್ಲ ಗಂಡಿನ ಮನೆ ನೋಡಲು ಹೋದರು, ಜೊತೆಗೆ ಇವಳೂ. ಆಮೇಲೆ ನಡೆದದ್ದನ್ನು ಅವಳಪ್ಪ ನನ್ನ ಗಿರಣಿಗೆ ಬಂದು, ನಗಬೇಕೋ ಅಳಬೇಕೋ ಗೊತ್ತಾಗದೆ ಹೇಳಿದರು.

ಗಂಡಿನ ತಾಯಿ ಎಲ್ಲರಿಗೂ ನೀರು ಕೊಟ್ಟರಂತೆ. ಎಲ್ಲರೂ ಕುಡಿದರು. ಇವಳು ಕುಡಿಯಲಿಲ್ಲ. ಸ್ಕೂಲ್ ಬ್ಯಾಗಿನಿಂದ ಕೊಳವೆ ತೆಗೆದು, ಲೋಟದ ನೀರು ಸುರಿದು, ಚಾಪೆಯ ಮಧ್ಯೆ ಇಟ್ಟು ತೊಟ್ಟು ಬಿಟ್ಟಳು.

"ಇದೇನಮ್ಮ? ನಮ್ಮ ಮನೆ ನೀರಿನ ಮೇಲೆ ಅನುಮಾನಾನಾ?" ಗಂಡಿನ ತಾಯಿಗೆ ಸಿಟ್ಟು ಬಂತು.

"ಲೇ, ಒಳಗಿಡೇ ಅದನ್ನ! ಮಾನ ಕಳೀತೀಯಲ್ಲೇ!" ಅವಳಪ್ಪನಿಗೆ ಬೆವರು ಬಂತು.

"ಒಂದ್ನಿಮಿಷ ಇರಪ್ಪ. ಅಲ್ಲಾಡಿಸಬಾರದು" ಅಂದಳಂತೆ.

ಜಾತಕ ಹಿಡಿದಿದ್ದ ಪುರೋಹಿತರು ಸೇರಿ ಅಷ್ಟೂ ಜನ ಕೊಳವೆಯ ಸುತ್ತ ಬಗ್ಗಿದರು. ಗುಲಾಬಿ! ಹುಡುಗಿ ಬಣ್ಣದ ಪಟ್ಟಿಗೆ ಹಿಡಿದು ಎರಡು ಸಲ ನೋಡಿ, ಮೇಷ್ಟ್ರ ಗತ್ತಿನಲ್ಲಿ, "ನೀರು ಪಾಸು" ಅಂದಳು. ಸಿಟ್ಟಾಗಿದ್ದ ಗಂಡಿನ ತಾಯಿ ಆ ಕೊಳವೆಯನ್ನೇ ಎತ್ತಿಕೊಂಡು ಅಕ್ಕಪಕ್ಕದ ಮನೆಯವರಿಗೆ ತೋರಿಸಲು ಹೊರಟರು. ಹುಡುಗಿ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ್ದು ಮಾತ್ರ ಇಡೀ ಪಡಸಾಲೆಗೆ ಕೇಳಿಸಿತು:

"ಒಪ್ಕಳಕ್ಕ. ನೀರು ಚೆನ್ನಾಗೈತೆ. ಗಂಡು ಹೆಂಗಿದ್ರೂ ನಡೀತದೆ."

ಮದುವೆ ಆಯಿತು. ಈಗ ಆ ಕಡೆಯ ಊರುಗಳಿಂದ ನನಗೆ ಫೋನಿನ ಮೇಲೆ ಫೋನು. "ಮೇಡಮ್ಮು, ನಮ್ಮ ಮನೆ ನೀರು ಒಂಚೂರು ನೋಡಿ ಬರಕೊಡ್ತೀರಾ?" ಅನ್ನುತ್ತಾರೆ. ಯಾಕೆ, ಏನಾದರೂ ಕಾಯಿಲೆಯೇ ಅಂತ ನಾನು ಈಗ ಕೇಳುವುದಿಲ್ಲ. "ಮಗನಿಗೆ ವಯಸ್ಸೆಷ್ಟು?" ಅಂತ ಕೇಳುತ್ತೇನೆ.

ವಿಜ್ಞಾನಿಯ ಚಪ್ಪಾಳೆ

ನನ್ನ ಅರ್ಜಿ ಒಂದು ಸಲ ವಾಪಸ್ ಬಂತು. ಪ್ರಯೋಗಾಲಯದ ವರದಿಯೂ ಬೇಕು ಅಂತ ಬರೆದಿದ್ದರು. ಪ್ರಯೋಗಾಲಯಕ್ಕೆ ಎಲ್ಲಿ ಹೋಗಲಿ, ಯಾರನ್ನು ಹಿಡಿಯಲಿ ಅಂತ ಯೋಚಿಸುತ್ತಿರುವಾಗಲೇ ಶಿರಾದ ಕಾಲೇಜೊಂದರಲ್ಲಿ ಅಂತರ್ಜಲದ ಬಗ್ಗೆ ಸಭೆ ಅಂತ ಕರೆ ಬಂತು. ಉತ್ತರದ ಕಡೆಯ ಒಬ್ಬ ತರುಣ ವಿಜ್ಞಾನಿ ಬೆಂಗಳೂರಿನಿಂದ ಬಂದಿದ್ದರು. ಪಾಪ, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಅನುವಾದ ಮಾಡಬೇಕಿದ್ದ ಉಪನ್ಯಾಸಕರು ಬಂದಿರಲಿಲ್ಲ. "ನೀವೇ ಸ್ವಲ್ಪ ಹೇಳಿಬಿಡಿ ಅಮ್ಮ" ಅಂತ ನನ್ನನ್ನು ವೇದಿಕೆಗೆ ಹತ್ತಿಸಿದರು. ನನ್ನ ಇಂಗ್ಲಿಷು ನಿಘಂಟು ಇಟ್ಟುಕೊಂಡು ಒಬ್ಬಳೇ ಕಲಿತದ್ದು. ಓದಿದರೆ ನಿಧಾನಕ್ಕೆ ಅರ್ಥವಾಗುತ್ತದೆ, ಕೇಳಿದರೆ ಅಲ್ಲೊಂದು ಇಲ್ಲೊಂದು ಪದ ಸಿಗುತ್ತದೆ.

ವಿಜ್ಞಾನಿ ಹತ್ತು ನಿಮಿಷ ಪರದೆಯ ಮೇಲೆ ಬಾಣ ತೋರಿಸಿ ತೋರಿಸಿ ಮಾತಾಡಿದರು. ಕಲ್ಲು, ಆಳ, ಕಾಲ, ಕರಗುವುದು, ಈ ನಾಲ್ಕು ಪದ ನನಗೆ ಸಿಕ್ಕವು. ಸಾಕಾಗಿತ್ತು.

"ಹುಣಸೆಹಣ್ಣು ನೀರಲ್ಲಿ ಎಷ್ಟು ಹೊತ್ತು ನೆನೆದರೆ ಅಷ್ಟು ಹುಳಿ ಬಿಡ್ತದೆ. ಆಳದ ಬೋರ್‌ವೆಲ್ ನೀರು ಎಷ್ಟೋ ಕಾಲದಿಂದ ಕಲ್ಲಿನ ಜೊತೆ ನೆನೆದು ಕೂತಿದೆ. ಅದಕ್ಕೇ ಕಲ್ಲಿನ ವಿಷ ಬಿಟ್ಟಿದೆ" ಅಂದೆ.

ಸಭೆ ತಲೆಯಾಡಿಸಿತು. ಮುಂದಿನ ಸಾಲಿನಲ್ಲಿದ್ದ, ಹುಣಸೆಹಣ್ಣಿನ ವ್ಯಾಪಾರದ ಹಿರಿಯರೊಬ್ಬರು, "ಬರೋಬರ್ ಹೇಳಿದೆ ಬೇಟಿ!" ಅಂತ ತೊಡೆ ತಟ್ಟಿದರು. ವಿಜ್ಞಾನಿಗೆ ಆಶ್ಚರ್ಯ. ತಮ್ಮ ಹತ್ತು ನಿಮಿಷ ಎಲ್ಲಿ ಹೋಯಿತು ಅಂತ ಹುಡುಕುವವರ ಹಾಗೆ ನನ್ನನ್ನು ನೋಡಿದರು. ಆಮೇಲೆ, ಯಾರಿಗಾದರೂ ಪ್ರಶ್ನೆ ಇದೆಯಾ ಅಂತ ಒಂದೇ ವಾಕ್ಯ ಕೇಳಿದರು.

ಇದನ್ನು ಅನುವಾದ ಮಾಡಲು ನಾನು ಕಾಲು ಗಂಟೆ ತೆಗೆದುಕೊಂಡೆ.

ಮುಗಿಯುತ್ತಿದ್ದಂತೆ ಸಭೆಯೆಲ್ಲ ಎದ್ದು ಚಪ್ಪಾಳೆ ಹೊಡೆಯಿತು. ವಿಜ್ಞಾನಿಯೂ ಖುಷಿಯಿಂದ ಚಪ್ಪಾಳೆ ಹೊಡೆದರು. ಆಮೇಲೆ ಪಕ್ಕದ ವಿದ್ಯಾರ್ಥಿನಿಯನ್ನು ಇಂಗ್ಲಿಷಿನಲ್ಲಿ ಕೇಳಿದರು, ಅಷ್ಟು ಹೊತ್ತು ನಾನು ಹೇಳಿದ್ದೇನು ಅಂತ.

ಅವಳು ಹೇಳಿದಳು: "ಗಡಿಯಲ್ಲಿ ಒಂದು ಶಾಲೆ ಇದೆಯಂತೆ ಸರ್. ನೀವು ಬರೋ ಸೋಮವಾರ ಅಲ್ಲಿಗೆ ಹೋಗಿ, ನೀರು ತಗೊಂಡು, ನಿಮ್ಮ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, ವರದಿ ಕೊಡೋಕೆ ಒಪ್ಪಿದ್ದೀರಂತೆ. ಅದಕ್ಕೇ ನಿಮಗೆ ಚಪ್ಪಾಳೆ."

ಒಳ್ಳೆಯ ಮನುಷ್ಯ. ಹೊಡೆದ ಚಪ್ಪಾಳೆಗೆ ಮರ್ಯಾದೆ ಕೊಟ್ಟು ಸೋಮವಾರ ಬಂದರು.

ವ್ಯತ್ಯಾಸ ಕಂಡುಬಂದಿಲ್ಲ

ವರದಿ ಬಂತು. ಅದನ್ನೂ ಲಗತ್ತಿಸಿ ಕಳಿಸಿದೆ. ಮತ್ತೆ ಪರಿಶೀಲನೆ. ಎರಡನೇ ಮಳೆಗಾಲವೂ ಮುಗಿಯುತ್ತಾ ಬಂತು. ಶಾಲೆಯ ಚಾವಣಿಯ ಮೇಲೆ ಬಿದ್ದ ನೀರು ಎರಡು ವರ್ಷ ಚರಂಡಿಗೆ ಹೋಯಿತು, ಮಕ್ಕಳು ಅದೇ ನಲ್ಲಿಗೆ ಬಾಯಿ ಹಿಡಿದರು. ಕೊನೆಗೆ ತಾಲ್ಲೂಕು ಕಚೇರಿಯ ಸಭೆಯಲ್ಲಿ ವಿಷಯ ಬರುತ್ತದೆ, ಬಂದು ಮಾತಾಡಿ ಅಂತ ಹೇಳಿ ಕಳಿಸಿದರು. ಶಾಲೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಮುಖ್ಯೋಪಾಧ್ಯಾಯರ ಜೊತೆ ಹೋದೆ.

ನಮ್ಮದು ಕೊನೆಯ ವಿಷಯ. ಊಟದ ಹೊತ್ತು. ವೇದಿಕೆಯ ಮಧ್ಯೆ ದೊಡ್ಡ ಸಾಹೇಬರು, ಅವರ ಪಕ್ಕ ಇಂಜಿನಿಯರು, ಹಿಂದೆ ಕಡತ ಹಿಡಿದ ಗುಮಾಸ್ತರು. ಎಲ್ಲರ ಮುಂದೆ ಆಗ ತಾನೇ ಕುಡಿದಿಟ್ಟ ಟೀ ಲೋಟ.

"ಬೇಗ ಹೇಳಿಬಿಡಿ ಅಮ್ಮ" ಅಂದರು ಸಾಹೇಬರು. ಇಂಜಿನಿಯರು ನನ್ನನ್ನು ನೋಡಿ, "ನಿಮ್ಮ ವಿದ್ಯಾರ್ಹತೆ ಏನು?" ಅಂದರು.

"ಏಳನೇ ಕ್ಲಾಸು ಸಾರ್. ಆದರೆ ಆ ವಿಷಯ ಫ್ಲೋರೈಡಿಗೆ ಗೊತ್ತಿಲ್ಲ."

ಯಾರೋ ನಕ್ಕರು. ಇಂಜಿನಿಯರು ನಗಲಿಲ್ಲ. ಕಡತ ಬಿಡಿಸಿ ಗಟ್ಟಿಯಾಗಿ ಓದಿದರು: "ಅರ್ಜಿದಾರರು ಸಲ್ಲಿಸಿರುವ ಛಾಯಾಚಿತ್ರಗಳನ್ನು ಪರಿಶೀಲಿಸಲಾಗಿ, ಎರಡು ಮಾದರಿಗಳ ಬಣ್ಣದಲ್ಲಿ ಯಾವುದೇ ವ್ಯತ್ಯಾಸ ಕಂಡುಬಂದಿಲ್ಲ. ಚಿತ್ರಕ್ಕೂ ಪ್ರಯೋಗಾಲಯದ ವರದಿಗೂ ಹೊಂದಾಣಿಕೆ ಇಲ್ಲದಿರುವುದರಿಂದ ಪ್ರಸ್ತಾವವನ್ನು ಕೈಬಿಡಬಹುದು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಳದಿಗೂ ಗುಲಾಬಿಗೂ ವ್ಯತ್ಯಾಸ ಕಾಣಲಿಲ್ಲವೇ? ಯಾರನ್ನೂ ಕೇಳದೆ ವೇದಿಕೆ ಹತ್ತಿ ಕಡತದೊಳಗೆ ಇಣುಕಿದೆ. ನನ್ನ ಫೋಟೊಗಳು ಅಲ್ಲಿರಲಿಲ್ಲ. ಅವುಗಳ ಜೆರಾಕ್ಸ್ ಇತ್ತು. ಕಪ್ಪು ಬಿಳುಪು ಜೆರಾಕ್ಸ್! ಹಳದಿ ಕೊಳವೆಯೂ ಬೂದಿ, ಗುಲಾಬಿ ಕೊಳವೆಯೂ ಬೂದಿ.

"ಅಸಲು ಫೋಟೊ ಎಲ್ಲಿ?"

"ಅಸಲು ಭದ್ರವಾಗಿ ಬೀರುವಿನಲ್ಲಿದೆ ಕಣಮ್ಮ, ಕಳೆದೋಗಬಾರದು ಅಂತ" ಅಂದರು ಗುಮಾಸ್ತರು, ತುಂಬಾ ಪ್ರಾಮಾಣಿಕವಾಗಿ. "ಕಡತದಲ್ಲಿ ಯಾವತ್ತೂ ಜೆರಾಕ್ಸೇ ಇಡೋದು. ನಮ್ಮ ಮೆಷಿನ್ನಿನಲ್ಲಿ ಕಲರ್ ಬರಲ್ಲ."

ಸಭೆ ಗೊಳ್ಳೆಂದಿತು. ನನಗೆ ಮಾತ್ರ ನಗು ಬರಲಿಲ್ಲ. ಎರಡು ವರ್ಷ ಮಕ್ಕಳು ಆ ನೀರು ಕುಡಿದದ್ದು ಒಂದು ಮೆಷಿನ್ನಿಗೆ ಬಣ್ಣ ಬರುವುದಿಲ್ಲ ಅಂತ. ಸಾಹೇಬರು ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಆಯ್ತಮ್ಮ, ಬೀರು ತೆಗೆಸೋಣ."

"ಬೇಡ ಸಾರ್. ಮತ್ತೆ ಪರಿಶೀಲನೆ ಅಂತೀರಿ. ಇಲ್ಲೇ ಮಾಡಿ ತೋರಿಸ್ತೀನಿ."

ಪೆಟ್ಟಿಗೆ ಬಿಚ್ಚಿದೆ. ಎರಡು ಕೊಳವೆ ಇಟ್ಟೆ. ಒಂದಕ್ಕೆ ಶಾಲೆಯ ನೀರು ಸುರಿದೆ. ವ್ಯತ್ಯಾಸ ತೋರಿಸಲು ಇನ್ನೊಂದಕ್ಕೆ ಒಳ್ಳೆಯ ನೀರು ಬೇಕಲ್ಲ? ಕೇಳಿದೆ. ಗುಮಾಸ್ತರೇ ಹೊರಗೆ ಓಡಿಹೋಗಿ ಒಂದು ಲೋಟ ತಂದರು. "ನಮ್ಮ ಕಚೇರಿಯ ಫಿಲ್ಟರಿಂದು. ಟೀಗೂ ಇದೇ ನೀರು. ನಾನು ಕೆಲಸಕ್ಕೆ ಸೇರಿದಾಗಿಂದ ಇದನ್ನೇ ಕುಡೀತಿದ್ದೀನಿ, ನೋಡಿ, ಕಲ್ಲು ಗುಂಡಿನಂಗೆ ಇದ್ದೀನಿ" ಅಂದರು. ದೇವರಾಣೆಗೂ ನನಗೆ ಯಾವ ಅನುಮಾನವೂ ಇರಲಿಲ್ಲ. ಗುಲಾಬಿ ಬರುತ್ತದೆ ಅಂತಲೇ ಸುರಿದೆ. ಎರಡಕ್ಕೂ ತೊಟ್ಟು ಬಿಟ್ಟೆ.

ಸಾಹೇಬರು, ಇಂಜಿನಿಯರು, ಗುಮಾಸ್ತರು ಮೂವರೂ ಬಗ್ಗಿದರು.

ಶಾಲೆಯ ನೀರು ಹಳದಿಯಾಯಿತು.

ಕಚೇರಿಯ ನೀರು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಅದೂ ಹಳದಿಯಾಯಿತು. ಮಾಮೂಲಿ ಫಿಲ್ಟರು ಕಸ ಹಿಡಿಯುತ್ತದೆ, ಫ್ಲೋರೈಡ್ ಹಿಡಿಯುವುದಿಲ್ಲ.

ಇಂಜಿನಿಯರು ತಮ್ಮ ಮುಂದಿದ್ದ ಟೀ ಲೋಟವನ್ನು ಒಂದು ಬೆರಳಿನಲ್ಲಿ ಮೆಲ್ಲಗೆ ಆಚೆ ತಳ್ಳಿದರು. ಗುಮಾಸ್ತರು ನಾಲಿಗೆಯಿಂದ ತಮ್ಮ ಹಲ್ಲನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಏನಮ್ಮಾ ಇದು?" ಅಂದರು ಸಾಹೇಬರು.

"ನಿಮ್ಮ ಕಡತ ಸರಿಯಾಗೇ ಬರೆದಿದೆ ಸಾರ್" ಅಂದೆ. "ಎರಡು ಮಾದರಿಗಳ ಬಣ್ಣದಲ್ಲಿ ಯಾವುದೇ ವ್ಯತ್ಯಾಸ ಕಂಡುಬಂದಿಲ್ಲ."

ಒಂದು ಕ್ಷಣ ಬಿಟ್ಟು ಸಭೆ ನಕ್ಕಿತು ನೋಡಿ, ಸಾಹೇಬರ ಕಣ್ಣಲ್ಲಿ ನೀರೇ ಬಂತು. ಅದೊಂದು ನೀರನ್ನು ನಾನು ಪರೀಕ್ಷೆ ಮಾಡಲಿಲ್ಲ. ಊಟಕ್ಕೆ ಯಾರೂ ಏಳಲಿಲ್ಲ. ಮೋಟರ್ ನಿಲ್ಲಿಸುವುದು, ಶಾಲೆಗೊಂದು ಮಳೆನೀರಿನ ತೊಟ್ಟಿ, ಕಚೇರಿಗೊಂದು ತೊಟ್ಟಿ, ಎಲ್ಲ ಅಲ್ಲೇ ತೀರ್ಮಾನವಾಯಿತು. ಗುಮಾಸ್ತರು ಆದೇಶ ಬರೆಯಲು ಕೂತವರು ಅಭ್ಯಾಸಬಲದಿಂದ ಕಚೇರಿಯ ತೊಟ್ಟಿಯನ್ನು ಮೊದಲು ಬರೆದರು.

"ಶಾಲೆ ಮೊದಲು" ಅಂದೆ ನಾನು.

"ಎರಡೂ ಒಂದೇ ಆದೇಶದಲ್ಲೇ ಬರ್ತವಲ್ಲ ಕಣಮ್ಮ, ಯಾವುದು ಮೊದಲಾದ್ರೇನು? ಏನು ವ್ಯತ್ಯಾಸ?" ಅಂದರು ಗುಮಾಸ್ತರು.

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಕಣ್ಣು ಒರೆಸಿಕೊಳ್ಳುತ್ತಾ ಹೇಳಿದರು:

"ವ್ಯತ್ಯಾಸ ಐತೆ ಕಣ್ರೀ. ಮೊದಲು ಶಾಲೆ ಅಂತ ಬರೀರಿ. ಬರೆದ ಮೇಲೆ ಅದರ ಜೆರಾಕ್ಸ್ ಮಾತ್ರ ಮಾಡಬೇಡಿ, ಅಸಲನ್ನೇ ಈಯಮ್ಮನ ಕೈಗೆ ಕೊಡಿ."